ಊರಿನ ಅಳಲನ್ನು ಸದನಕ್ಕೆ ಮುಟ್ಟಿಸುವ ಕೆಲಸಕ್ಕೆ ಸೇರುವುದು ಹೇಗೆ?

"ಡಿಗ್ರಿ ಮುಗಿಯಿತು, ಬೆಂಗಳೂರಿಗೆ ಹೋಗಲು ಮನಸ್ಸಿಲ್ಲ. ಇಲ್ಲೇ ಊರ ಕಡೆ ಯಾವುದಾದರೂ ಸಂಸ್ಥೆಯಲ್ಲಿ ಜನರ ಕೆಲಸ ಮಾಡಬೇಕು. ಎಲ್ಲಿಂದ ಶುರು ಮಾಡಲಿ?" ಬೇಲೂರು, ಆಲೂರು, ಮೂಡಿಗೆರೆ, ಕೊಪ್ಪ ಕಡೆಯ ಹುಡುಗ ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಶಾಸಕರ ಹತ್ತಿರ ಹೇಗೆ ಮಾತಾಡಬೇಕು ಅಂತ ಜನರಿಗೆ ಕಲಿಸುತ್ತೀರಂತೆ. ಅದು ರಾಜಕೀಯ ಅಲ್ವಾ?" ಫೋನಿನಲ್ಲಿ ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವುದಕ್ಕಿಂತ ಒಂದೇ ಸಲ ಪೂರ್ತಿ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ನಮ್ಮವರು 'ಅಡ್ವೊಕೆಸಿ' ಅನ್ನುತ್ತಾರೆ. ಕೆಲವರು 'ಜನವಕಾಲತ್ತು' ಅನ್ನುವುದೂ ಉಂಟು. ವಕಾಲತ್ತು ಅಂದ ಕೂಡಲೇ ಇನ್ನೊಬ್ಬರ ಪರವಾಗಿ ವಾದ ಮಾಡುವುದು ಅಂತ ಅನ್ನಿಸುತ್ತದೆ. ಅಲ್ಲೇ ತಪ್ಪು ಹಾದಿ ಶುರುವಾಗುವುದು. ನಮ್ಮ ಕೆಲಸ ಜನರ ಪರವಾಗಿ ಮಾತಾಡುವುದಲ್ಲ. ತಮ್ಮ ಮಾತನ್ನು ಯಾವ ಬಾಗಿಲಿಗೆ, ಯಾವ ಹೊತ್ತಿಗೆ, ಯಾವ ರೂಪದಲ್ಲಿ ಒಯ್ಯಬೇಕು ಅನ್ನುವುದನ್ನು ಅವರಿಗೇ ಕಲಿಸುವುದು. ನಾನು ಸೇರಿದ ಮೊದಲ ವರ್ಷ ಒಂದು ಊರಿನ ಜನರನ್ನು ಕರೆದುಕೊಂಡು ಕಚೇರಿಗಳಿಗೆಲ್ಲ ಹೋಗುತ್ತಿದ್ದೆ. ಮಾತೆಲ್ಲ ನಾನೇ ಆಡುತ್ತಿದ್ದೆ. ಬೇರೆ ತಾಲ್ಲೂಕಿಗೆ ನನ್ನನ್ನು ಹಾಕಿದ ಮೇಲೆ ಆ ಊರಿನಿಂದ ಒಂದು ಅರ್ಜಿಯೂ ಹೋಗಲಿಲ್ಲ. ನಾನು ಏನನ್ನೂ ಕಲಿಸಿರಲಿಲ್ಲ. ಕೆಳಗೆ ಬರೆದಿರುವುದೆಲ್ಲ ಆ ಪಾಠದಿಂದ ಬಂದದ್ದು.

ಏನೇನು ಬೇಕು?

ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಬರಬೇಕು. ಸರ್ಕಾರಿ ಆದೇಶವನ್ನು ಬೇಸರವಿಲ್ಲದೆ ಕೊನೆಯವರೆಗೆ ಓದುವ ತಾಳ್ಮೆ ಬೇಕು. ರಾತ್ರಿ ಎಂಟರ ಸಭೆ ಮುಗಿಸಿ ಮನೆಗೆ ಮರಳುವ ವ್ಯವಸ್ಥೆ ಬೇಕು. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. ಹೆಣ್ಣುಮಕ್ಕಳು ಕೆಲಸಕ್ಕೆ ಸೇರುವ ಮುಂಚೆಯೇ ಸಂಸ್ಥೆಯವರ ಹತ್ತಿರ ಇದನ್ನು ಬಿಡಿಸಿ ಕೇಳಿ. ಕಾನೂನು ಪದವಿ ಬೇಕೇ ಬೇಕು ಅಂತಿಲ್ಲ. ಇದ್ದರೆ ಒಳ್ಳೆಯದು, ಅಷ್ಟೇ.

ಹಂತ 1: ನಿಮ್ಮ ಕ್ಷೇತ್ರಗಳ ನಕ್ಷೆ ಬಾಯಿಪಾಠ ಮಾಡಿ

ತಾಲ್ಲೂಕು ಬೇರೆ, ವಿಧಾನಸಭಾ ಕ್ಷೇತ್ರ ಬೇರೆ. ಹೊಸಬರು ಎಡವುವ ಮೊದಲ ಜಾಗ ಇದು. ಹಾಸನ ಜಿಲ್ಲೆಯಲ್ಲಿ 8 ತಾಲ್ಲೂಕುಗಳಿವೆ, ಆದರೆ ವಿಧಾನಸಭಾ ಕ್ಷೇತ್ರಗಳು 7. ಚನ್ನರಾಯಪಟ್ಟಣದವರ ಕ್ಷೇತ್ರದ ಹೆಸರು ಶ್ರವಣಬೆಳಗೊಳ. ಆಲೂರಿನವರದು ಸಕಲೇಶಪುರ ಕ್ಷೇತ್ರ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು ಅಂತ 5 ಕ್ಷೇತ್ರಗಳಿವೆ. ಕೊಪ್ಪ, ನರಸಿಂಹರಾಜಪುರದವರು ಶೃಂಗೇರಿ ಶಾಸಕರ ಬಳಿ ಹೋಗಬೇಕು.

ಲೋಕಸಭೆಯ ವಿಚಾರ ಇನ್ನೂ ಗೋಜಲು. ಕಡೂರು ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಆದರೆ ಅದು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಜಿಲ್ಲೆಯ ಉಳಿದ ನಾಲ್ಕು ಕ್ಷೇತ್ರಗಳು ಉಡುಪಿ-ಚಿಕ್ಕಮಗಳೂರಿಗೆ ಹೋಗುತ್ತವೆ. ಕಡೂರಿನ ರೈತರ ಮನವಿಯನ್ನು ಉಡುಪಿ ಕಡೆಯ ಸಂಸದರಿಗೆ ಕೊಟ್ಟರೆ ಅದು ಎಲ್ಲೋ ಕಳೆದುಹೋಗುತ್ತದೆ.

ವಿಧಾನಪರಿಷತ್ತನ್ನು ಮರೆಯಬೇಡಿ. 224 ಶಾಸಕರ ವಿಧಾನಸಭೆಯ ಜೊತೆಗೆ 75 ಸದಸ್ಯರ ಪರಿಷತ್ತೂ ಇದೆ. ಹಾಸನಕ್ಕೂ ಚಿಕ್ಕಮಗಳೂರಿಗೂ ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬಂದ ಸದಸ್ಯರಿದ್ದಾರೆ. ಅವರಿಗೆ ಮತ ಹಾಕುವವರಲ್ಲಿ ಹೆಚ್ಚಿನವರು ಪಂಚಾಯ್ತಿ ಸದಸ್ಯರು. ಹಾಗಾಗಿ ಪಂಚಾಯ್ತಿಯ ಅಧಿಕಾರ, ಅನುದಾನಗಳ ವಿಷಯವಿದ್ದರೆ ಪರಿಷತ್ ಸದಸ್ಯರು ಜಾಸ್ತಿ ಕಿವಿಗೊಡುತ್ತಾರೆ. ಶಾಸಕರು ಸಿಗಲಿಲ್ಲ ಅಂತ ಕೈಚೆಲ್ಲುವ ಬದಲು ಈ ಬಾಗಿಲು ತಟ್ಟಿ ನೋಡಿ.

ಹಂತ 2: ಆರು ತಿಂಗಳು ಗ್ರಾಮಸಭೆಗಳಲ್ಲಿ ಸುಮ್ನೆ ಕೂರಿ

ಕೆಲಸಕ್ಕೆ ಸೇರುವ ಮುಂಚೆಯೇ ಇದನ್ನು ಮಾಡಬಹುದು. ದುಡ್ಡು ಬೇಡ, ಯಾರ ಅಪ್ಪಣೆಯೂ ಬೇಡ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಅದಕ್ಕೂ ಮುಂಚೆ ಜನವಸತಿ ಸಭೆ, ವಾರ್ಡ್ ಸಭೆ ಆಗಬೇಕು. ಗ್ರಾಮಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಮತದಾರರ ಹತ್ತನೇ ಒಂದು ಭಾಗ ಅಥವಾ 100 ಮಂದಿ. ಎರಡರಲ್ಲಿ ಯಾವುದು ಕಡಿಮೆಯೋ ಅದು.

ಅಲ್ಲಿ ಮಾತಾಡಬೇಡಿ. ಯಾರು ಎದ್ದು ಮಾತಾಡುತ್ತಾರೆ, ಯಾರು ಹಿಂದೆ ಗೋಡೆಗೊರಗಿ ನಿಂತಿರುತ್ತಾರೆ, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಯಾವ ಮಾತನ್ನು ನಡಾವಳಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ಅಂತ ನೋಡಿ. ನಡಾವಳಿ ಅಂದರೆ ಸಭೆಯಲ್ಲಿ ನಡೆದದ್ದರ ಲಿಖಿತ ದಾಖಲೆ. ಅದರಲ್ಲಿ ಬರೆಯದ ಮಾತು ಸರ್ಕಾರದ ಪಾಲಿಗೆ ಆಡಿಯೇ ಇಲ್ಲ. ಹಾಗಾಗಿ ಜನರಿಗೆ ಮೊದಲು ಕಲಿಸಬೇಕಾದ ವಾಕ್ಯ ಇದು: "ನಾನು ಹೇಳಿದ್ದನ್ನು ನಡಾವಳಿಯಲ್ಲಿ ಬರೆದು ಓದಿ ಹೇಳಿ."

ಒಂದು ಎಚ್ಚರಿಕೆ. ಗ್ರಾಮಸಭೆಯ ಸದಸ್ಯರಾಗಲು ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಎಸ್ಟೇಟ್ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಲ್ಲಿ, ವರ್ಷಗಟ್ಟಲೆ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದ ಕುಟುಂಬಗಳಿವೆ. ಅಂಥವರ ಜೊತೆ ಕೆಲಸ ಮಾಡುವುದಾದರೆ ಮೊದಲ ಹೆಜ್ಜೆ ಮತದಾರರ ಪಟ್ಟಿಯ ಅರ್ಜಿ. ಮನವಿ ಪತ್ರ ಆಮೇಲೆ.

ಹಂತ 3: ಓದು ಮತ್ತು ಕೆಲಸ ಹುಡುಕುವುದು

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಸಾಮಾನ್ಯ ದಾರಿ. ನಮ್ಮ ಭಾಗದವರಿಗೆ ಮೈಸೂರು ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮಂಗಳೂರಿನ ರೋಶನಿ ನಿಲಯ ಹತ್ತಿರ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯವಿದೆ. ಪಂಚಾಯ್ತಿ ಸದಸ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಡುವ ಸರ್ಕಾರಿ ಸಂಸ್ಥೆ ಮೈಸೂರಿನಲ್ಲಿದೆ. ಅದಕ್ಕೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿಟ್ಟಿದ್ದಾರೆ. ನಮ್ಮಲ್ಲಿ 1983ರ ಪಂಚಾಯತ್ ಕಾನೂನನ್ನು ತಂದ ಮಂತ್ರಿ ಅವರು. ಊರೂರಿಗೆ ಕೊಳವೆಬಾವಿ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಈ ಸಂಸ್ಥೆಯ ತರಬೇತಿ ಕೈಪಿಡಿಗಳು ಕನ್ನಡದಲ್ಲಿವೆ. ಎಲ್ಲಿ ಸಿಕ್ಕರೂ ಬಿಡಬೇಡಿ.

ಶಾಸನಸಭೆಯ ಕೆಲಸವನ್ನು ಒಳಗಿನಿಂದ ನೋಡಬೇಕೆಂದರೆ ದೆಹಲಿಯ ಪಿಆರ್‌ಎಸ್ ಸಂಸ್ಥೆ ನಡೆಸುವ ಲ್ಯಾಂಪ್ ಫೆಲೋಶಿಪ್ ಇದೆ. ಒಬ್ಬ ಸಂಸದರ ಜೊತೆ ಸಹಾಯಕರಾಗಿ ವರ್ಷದ ಹತ್ತಿರ ಕೆಲಸ. ಯಾವ ಪದವಿಯಾದರೂ ಸರಿ, ಆದರೆ ವಯಸ್ಸು 25 ದಾಟಿರಬಾರದು. ಹಾಗಾಗಿ ಕೊನೆಯ ವರ್ಷದಲ್ಲಿರುವಾಗಲೇ ವಿಚಾರ ಮಾಡಿ.

ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸ ಸಾಮಾನ್ಯವಾಗಿ ಯೋಜನೆಗೆ ಕಟ್ಟಿಕೊಂಡಿರುತ್ತದೆ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಲು ನಾಚಬೇಡಿ. ಈ ಯೋಜನೆಯ ಹಣ ಎಲ್ಲಿಯವರೆಗೆ ಇದೆ? ಪಿಎಫ್ ಇದೆಯಾ? ಓಡಾಟದ ಖರ್ಚು ಯಾರದು? ಸೇವೆ ಅಂತ ಹೇಳಿ ಸಂಬಳದ ಮಾತನ್ನೇ ತೇಲಿಸುವ ಕಡೆ ಸೇರಬೇಡಿ ಅನ್ನುವುದು ನನ್ನ ಸಲಹೆ. ಅನ್ನಕ್ಕೆ ಪರದಾಡುವವರು ಈ ಕೆಲಸದಲ್ಲಿ ಮೂರು ವರ್ಷ ನಿಲ್ಲುವುದಿಲ್ಲ, ಇದು ಮೂರು ವರ್ಷದಲ್ಲಿ ಮುಗಿಯುವ ಕೆಲಸವೂ ಅಲ್ಲ.

ಹಂತ 4: ದೂರನ್ನು ಸರಿಯಾದ ಬಾಗಿಲಿಗೆ ಹಚ್ಚಿ

ಇದು ಈ ಕಸುಬಿನ ಜೀವ. ನಿಧಾನವಾಗಿ ಓದಿ.

ಸಕಲೇಶಪುರದ ಒಬ್ಬ ರೈತರ ಭತ್ತದ ಗದ್ದೆಯನ್ನು ಕಾಡಾನೆ ತುಳಿದಿದೆ ಅಂತಿಟ್ಟುಕೊಳ್ಳಿ. ಅವರು "ಆನೆ ಕಾಟ, ಏನಾದರೂ ಮಾಡಿ" ಅನ್ನುತ್ತಾರೆ. ಈ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ದೂರುಗಳಿರಬಹುದು. ಅರ್ಜಿ ಕೊಟ್ಟು ತಿಂಗಳುಗಳಾದರೂ ಪರಿಹಾರ ಬಂದಿಲ್ಲ ಅಂದರೆ ಅದು ಅರಣ್ಯ ಇಲಾಖೆಯ ಕಚೇರಿಯ ವಿಷಯ. ಶಾಸನಸಭೆ ಬೇಡ. ವಲಯ ಕಚೇರಿಗೆ ಲಿಖಿತ ಜ್ಞಾಪನ, ಅದಕ್ಕೂ ಬಗ್ಗದಿದ್ದರೆ ಸರ್ಕಾರದ ಸಹಾಯವಾಣಿ 1902. ಪರಿಹಾರ ಬಂದಿದೆ, ಆದರೆ ಮೊತ್ತ ಸಾಲದು ಅಂದರೆ ಅದು ಸರ್ಕಾರಿ ಆದೇಶದ ವಿಷಯ. ದರ ನಿಗದಿ ಮಾಡುವುದು ರಾಜ್ಯ ಸರ್ಕಾರ. ಇಲ್ಲಿ ಶಾಸಕರು, ಮಂತ್ರಿಗಳು, ಬಜೆಟ್ ಎಲ್ಲ ಬರುತ್ತವೆ. ರೈಲು ಕಂಬಿಯ ತಡೆಗೋಡೆ ನಮ್ಮ ಊರಿನ ಕಡೆಗೂ ಬೇಕು ಅಂದರೆ ಅದು ಅನುದಾನದ ಬೇಡಿಕೆ. ಇನ್ನು ಆನೆಯನ್ನು ಹಿಡಿಯುವ ನಿಯಮವೇ ಬದಲಾಗಬೇಕು ಅಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ ಹೋಗಬೇಕು. ಅದು ಸಂಸತ್ತು ಮಾಡಿದ ಕಾನೂನು. ದಾರಿ ಸಂಸದರ ಮೂಲಕ ದೆಹಲಿಗೆ.

ಕಚೇರಿ, ಆದೇಶ, ಅನುದಾನ, ಕಾನೂನು. ಯಾವ ದೂರು ಬಂದರೂ ಮೊದಲು ಈ ನಾಲ್ಕರಲ್ಲಿ ಯಾವುದು ಅಂತ ವಿಂಗಡಿಸಿ. ಕಚೇರಿ ಮಟ್ಟದ ಕೆಲಸಕ್ಕೆ ವಿಧಾನಸೌಧದವರೆಗೆ ಹೋಗಿ ಬಂದು ಜನ ಸುಸ್ತಾಗಿರುವುದನ್ನು ನೋಡಿದ್ದೇನೆ. ದೆಹಲಿಯ ಕಾನೂನನ್ನು ತಹಶೀಲ್ದಾರರ ಮುಂದೆ ಇಟ್ಟು ಧರಣಿ ಕೂತದ್ದನ್ನೂ ನೋಡಿದ್ದೇನೆ. ಎರಡರಲ್ಲೂ ಜನರ ಕೂಲಿ ಹೋಯಿತು, ಕೆಲಸ ಆಗಲಿಲ್ಲ.

ಹಂತ 5: ಬಾಯಿ ಮಾತಿಗೆ ದಾಖಲೆ ಸೇರಿಸಿ

ಮಾಹಿತಿ ಹಕ್ಕು ಕಾಯ್ದೆ 2005 ಇಲ್ಲಿ ಕೈಹಿಡಿಯುತ್ತದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಕರ್ನಾಟಕದಲ್ಲಿ ಒಂದು ವಿಶೇಷ ನಿಯಮವಿದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳೊಳಗೆ. ಇದು ಗೊತ್ತಿಲ್ಲದೆ ನಾಲ್ಕು ಪುಟ ಬರೆದು ಕಳಿಸಿದವರ ಅರ್ಜಿ ವಾಪಸ್ ಬರುತ್ತದೆ. ಇನ್ನೊಂದು ತಪ್ಪು "ಯಾಕೆ ಮಾಡಿಲ್ಲ?" ಅಂತ ಕೇಳುವುದು. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಕಾರಣವನ್ನಲ್ಲ. "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಬಂದ ಅರ್ಜಿಗಳ ವಹಿಯ ಪ್ರತಿ ಕೊಡಿ" ಅಂತ ಕೇಳಿ. ಆ ವಹಿಯೇ ಕಾರಣವನ್ನು ಹೇಳುತ್ತದೆ.

ಹಂತ 6: ಶಾಸಕರ ಕೈಗೆ ಒಂದು ಪುಟ, ಒಂದು ಪ್ರಶ್ನೆ

ಶಾಸಕರ ಕಚೇರಿಗೆ ದಿನಕ್ಕೆ ರಾಶಿ ಮನವಿಗಳು ಬರುತ್ತವೆ. ನಿಮ್ಮದು ಒಂದೇ ಪುಟದಲ್ಲಿರಲಿ. ಏನಾಗಿದೆ, ಎಷ್ಟು ಮನೆಗಳಿಗೆ, ಯಾವ ದಾಖಲೆ ಇದೆ, ಅವರಿಂದ ಏನಾಗಬೇಕು. ಕೊನೆಯದು ಮುಖ್ಯ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಏನನ್ನೂ ಕೇಳಿದಂತಾಗುವುದಿಲ್ಲ. "ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಿ" ಅಂತ ಬರೆದು, ಪ್ರಶ್ನೆಯನ್ನೂ ನೀವೇ ಬರೆದುಕೊಡಿ.

ಸದನದ ಪ್ರಶ್ನೆಗಳಿಗೆ ಒಂದು ಧಾಟಿ ಇದೆ. ಹೀಗೆ:

ಅ) ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ಹಾವಳಿಯಿಂದ ಬೆಳೆ ಹಾನಿಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
ಆ) ಬಂದಿದ್ದಲ್ಲಿ, ಕಳೆದ ಮೂರು ವರ್ಷಗಳಲ್ಲಿ ಪರಿಹಾರ ಕೋರಿ ಬಂದ ಅರ್ಜಿಗಳೆಷ್ಟು? ಪಾವತಿಯಾದವು ಎಷ್ಟು? ಬಾಕಿ ಎಷ್ಟು?
ಇ) ಬಾಕಿ ಅರ್ಜಿಗಳನ್ನು ಯಾವ ಕಾಲಮಿತಿಯಲ್ಲಿ ಇತ್ಯರ್ಥಪಡಿಸಲಾಗುವುದು?

ಇಷ್ಟೇ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲಿ ಎದ್ದು ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಹೊಸಬರು ಚುಕ್ಕೆ ಗುರುತಿನದೇ ಬೇಕು ಅಂತ ಹಟ ಹಿಡಿಯುತ್ತಾರೆ. ನನಗೆ ಲಿಖಿತ ಉತ್ತರವೇ ಇಷ್ಟ. ಅದರಲ್ಲಿ ಅಂಕಿಗಳು ಕಾಗದದ ಮೇಲೆ ಬರುತ್ತವೆ, ಅದನ್ನು ಮುಂದಿನ ಹತ್ತು ಕಡೆ ತೋರಿಸಬಹುದು. ಹಳೆಯ ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೇ ಇವೆ. ನಿಮ್ಮ ವಿಷಯ ಆಗಲೇ ಯಾರಾದರೂ ಕೇಳಿದ್ದಾರಾ ನೋಡಿ.

ಹೊತ್ತು ತಪ್ಪಬಾರದು. ಪ್ರಶ್ನೆಯ ಸೂಚನೆಯನ್ನು ಅಧಿವೇಶನಕ್ಕೆ ಸಾಕಷ್ಟು ದಿನ ಮುಂಚೆಯೇ ಸಲ್ಲಿಸಬೇಕಾಗುತ್ತದೆ. ಅಧಿವೇಶನ ಶುರುವಾದ ದಿನ ಬಸ್ಸು ಮಾಡಿಕೊಂಡು ಬೆಂಗಳೂರಿಗೆ ಹೋದರೆ ತಡವಾಯಿತು ಅಂತಲೇ ಅರ್ಥ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ, ನಮ್ಮ ಕಡೆಯವರಿಗೆ ಅದು ದೂರದ ದಾರಿ. ದುಡ್ಡಿನ ಬೇಡಿಕೆ ಇದ್ದರೆ ಬಜೆಟ್ ಮಂಡನೆಯಾದ ಮೇಲೆ ಕೇಳಿ ಉಪಯೋಗ ಕಡಿಮೆ. ಹಿಂದಿನ ಡಿಸೆಂಬರ್ ಒಳಗೇ ಕೊಟ್ಟುಬಿಡಿ.

ಸದನವಿಲ್ಲದ ದಿನಗಳಲ್ಲೂ ಒಂದು ಜಾಗವಿದೆ, ಕೆಡಿಪಿ ಸಭೆ. ತಾಲ್ಲೂಕಿನ ಎಲ್ಲ ಇಲಾಖೆಗಳ ಪ್ರಗತಿಯನ್ನು ಶಾಸಕರ ಅಧ್ಯಕ್ಷತೆಯಲ್ಲಿ ಪರಿಶೀಲಿಸುವ ಸಭೆ ಅದು. ಸಭೆಗೆ ಎರಡು ದಿನ ಮುಂಚೆ ನಿಮ್ಮ ಒಂದು ಪುಟ ಶಾಸಕರ ಆಪ್ತ ಸಹಾಯಕರ ಕೈಯಲ್ಲಿದ್ದರೆ, ಅಧಿಕಾರಿ ಎದುರಿಗಿರುವಾಗಲೇ ಪ್ರಶ್ನೆ ಬರುತ್ತದೆ. ಆಪ್ತ ಸಹಾಯಕರನ್ನು ಕಡೆಗಣಿಸಬೇಡಿ. ಯಾವ ಕಾಗದ ಮೇಲೆ ಬರಬೇಕು ಅನ್ನುವುದು ಬಹಳ ಸಲ ಅವರ ಕೈಯಲ್ಲಿರುತ್ತದೆ.

ಹಂತ 7: ಕರಡು ಬಂದಾಗ ಎಚ್ಚರವಾಗಿರಿ

ಮಸೂದೆ ಅಂಗೀಕಾರವಾಯಿತು ಅಂದರೆ ಎಲ್ಲ ಮುಗಿಯಿತು ಅಂತ ಜನ ತಿಳಿಯುತ್ತಾರೆ. ಇಲ್ಲ. ಆಮೇಲೆ ನಿಯಮಗಳು ಬರುತ್ತವೆ. ಯಾರಿಗೆ ಸಿಗುತ್ತದೆ, ಯಾವ ಕಾಗದ ಬೇಕು, ಎಷ್ಟು ದಿನದಲ್ಲಿ ಅನ್ನುವುದು ಇರುವುದು ಅಲ್ಲಿಯೇ. ಕರಡು ನಿಯಮವನ್ನು ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ. ಹಳ್ಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಆ ದಿನಗಳು ಕಳೆದಿರುತ್ತವೆ.

ನಮ್ಮ ಭಾಗದವರಿಗೆ ಇದರ ಬಿಸಿ ಗೊತ್ತು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ ಹಲವು ಸಲ ಬಂದಿದೆ. 2024ರ ಜುಲೈ 31ರ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಆಕ್ಷೇಪಣೆಗೆ 60 ದಿನ. ಇದು ಪರಿಸರ ಸಂರಕ್ಷಣಾ ಕಾಯ್ದೆ 1986ರ ಕೆಳಗೆ ಕೇಂದ್ರ ಸರ್ಕಾರ ಹೊರಡಿಸಿದ್ದು. ಆಕ್ಷೇಪಣೆ ಹೋಗಬೇಕಾದದ್ದು ದೆಹಲಿಯ ಪರಿಸರ ಸಚಿವಾಲಯಕ್ಕೆ.

ನೀವು ಕರಡಿನ ಪರ ಇರಬಹುದು, ವಿರೋಧ ಇರಬಹುದು. ಕಲಿಸುವ ವಿಧಾನ ಒಂದೇ. ಕರಡನ್ನು ಕನ್ನಡದಲ್ಲಿ ಓದಿ ಹೇಳಿ. ಊರಿನ ಹೆಸರು ಪಟ್ಟಿಯಲ್ಲಿದೆಯಾ ನೋಡಿ. ಯಾವುದಕ್ಕೆ ತಡೆ, ಯಾವುದಕ್ಕೆ ತಡೆಯಿಲ್ಲ ಅಂತ ಬೇರೆ ಬೇರೆ ಬರೆಸಿ. ಗಣಿಗಾರಿಕೆಗೆ ಇರುವ ತಡೆಯನ್ನೂ ಮನೆ ರಿಪೇರಿಯನ್ನೂ ಒಂದೇ ಅಂತ ಹೆದರಿಸುವವರು ಇರುತ್ತಾರೆ. ಒಂದೇ ಮಾದರಿಯ ಸಾವಿರ ಪತ್ರಗಳಿಗಿಂತ, ಕರಡಿನ ಇಂಥ ಕಲಂ ನಮ್ಮ ಊರಿಗೆ ಹೀಗೆ ತಾಗುತ್ತದೆ ಅಂತ ಬಿಡಿಸಿ ಬರೆದ ಇಪ್ಪತ್ತು ಪತ್ರಗಳಿಗೆ ತೂಕ ಜಾಸ್ತಿ. ಜೊತೆಗೆ ಗ್ರಾಮಸಭೆಯ ಠರಾವಿನ ಪ್ರತಿ ಇರಲಿ.

ಹಂತ 8: ಕಲಿಸುವುದು ಹೇಗೆ

ಭಾಷಣ ಬೇಡ. ಮೂರು ಸಂಜೆ ಸಾಕು. ಮೊದಲ ಸಂಜೆ ಊರಿನ ದೂರುಗಳನ್ನೆಲ್ಲ ಚೀಟಿಯಲ್ಲಿ ಬರೆಸಿ, ನೆಲದ ಮೇಲೆ ಪಂಚಾಯ್ತಿ, ಬೆಂಗಳೂರು, ದೆಹಲಿ ಅಂತ ಮೂರು ಬುಟ್ಟಿ ಇಡಿ. ಯಾವ ಚೀಟಿ ಯಾವ ಬುಟ್ಟಿಗೆ ಅಂತ ಅವರೇ ವಾದ ಮಾಡಲಿ. ನೀವು ಕೊನೆಯಲ್ಲಿ ಮಾತ್ರ ಬಾಯಿ ಬಿಡಿ. ಎರಡನೇ ಸಂಜೆ ಒಂದು ಪುಟದ ಮನವಿ ಬರೆಸಿ. ಬರೆಯಲು ಬಾರದವರು ಹೇಳಲಿ, ಮಕ್ಕಳು ಬರೆಯಲಿ. ಮೂರನೇ ಸಂಜೆ ಅಣಕು ಸಭೆ. ಒಬ್ಬರು ಶಾಸಕರು, ಒಬ್ಬರು ಅಧಿಕಾರಿ. ಎರಡು ನಿಮಿಷದಲ್ಲಿ ವಿಷಯ ಹೇಳಿ ಮುಗಿಸಬೇಕು. ಮೊದಲ ಸಲ ಎಲ್ಲರೂ ತಮ್ಮ ಕಷ್ಟದ ಕಥೆಯಲ್ಲೇ ಎರಡು ನಿಮಿಷ ಕಳೆಯುತ್ತಾರೆ. ಮೂರನೇ ಸಲಕ್ಕೆ ಬೇಡಿಕೆ ಮೊದಲ ವಾಕ್ಯಕ್ಕೆ ಬಂದಿರುತ್ತದೆ. ಆ ಬದಲಾವಣೆ ನೋಡುವುದು ಈ ಕೆಲಸದ ದೊಡ್ಡ ಸಂತೋಷ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಗ ಹಗಲು ಸಭೆ ಕರೆದರೆ ಕೂಲಿಯವರು ಬರುವುದಿಲ್ಲ, ಬರಬಾರದು ಕೂಡ. ಜುಲೈ ಮಳೆಯಲ್ಲಿ ಶೃಂಗೇರಿ, ಮೂಡಿಗೆರೆ ಕಡೆ ರಾತ್ರಿ ಸಭೆ ಇಡಬೇಡಿ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗೆ ಅವರನ್ನು ಕೇಳಿಕೊಂಡು ಸೇರಿಕೊಳ್ಳುವುದು ಎಲ್ಲಕ್ಕಿಂತ ಸಲೀಸು.

ಹಂತ 9: ಪಕ್ಷದಿಂದ ದೂರ, ಕಾನೂನಿನೊಳಗೆ

"ಇದು ರಾಜಕೀಯ ಅಲ್ವಾ?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಶಾಸಕರಿಗೆ ಮನವಿ ಕೊಡುವುದು, ಕರಡಿಗೆ ಆಕ್ಷೇಪಣೆ ಬರೆಯುವುದು ನಾಗರಿಕರ ಹಕ್ಕು. ಪಕ್ಷಕ್ಕೆ, ಅಭ್ಯರ್ಥಿಗೆ ಮತ ಕೇಳುವುದು ನಿಮ್ಮ ಸಂಸ್ಥೆಯ ಕೆಲಸವಲ್ಲ. ಚುನಾವಣೆ ಘೋಷಣೆಯಾದ ದಿನದಿಂದ ಮುಗಿಯುವವರೆಗೆ ಶಾಸಕರ ಜೊತೆಗಿನ ವೇದಿಕೆ ಕಾರ್ಯಕ್ರಮಗಳನ್ನು ನಿಲ್ಲಿಸಿಬಿಡಿ. ಒಂದು ಪಕ್ಷದ ಶಾಲು ಹೊದ್ದ ಒಂದು ಫೋಟೋ ಸಾಕು, ಹತ್ತು ವರ್ಷದ ನಂಬಿಕೆ ಹೋಗುತ್ತದೆ.

ಸ್ವಂತ ಸಂಸ್ಥೆ ಕಟ್ಟುವ ಆಸೆ ಇದ್ದರೆ ಐದು ವರ್ಷ ಬೇರೆಯವರಲ್ಲಿ ದುಡಿದು ಆಮೇಲೆ ಯೋಚಿಸಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಕೆಳಗೆ ಸಂಘ ಕಟ್ಟಲು ಕನಿಷ್ಠ 7 ಜನ ಬೇಕು. ನೋಂದಣಿ ಸುಲಭ. ಪ್ರತಿ ವರ್ಷ ಸದಸ್ಯರ ಪಟ್ಟಿ, ಲೆಕ್ಕಪತ್ರ ಸಲ್ಲಿಸುವುದರಲ್ಲಿ ಸಂಘಗಳು ಸೋಲುತ್ತವೆ. ಜನ 12ಎ, 80ಜಿ ಅಂತ ಕರೆಯುವ ಎರಡು ತೆರಿಗೆ ನೋಂದಣಿಗಳಿವೆ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ, ಎರಡನೆಯದು ದಾನ ಕೊಟ್ಟವರಿಗೆ ವಿನಾಯಿತಿ. ವಿದೇಶದ ಹಣ ಬೇಕೆಂದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಇದರಿಂದ ಏಟು ಬಿದ್ದಿದೆ. ಹಾಗಾಗಿ ಊರಿನವರ ಸಣ್ಣ ಸಣ್ಣ ದೇಣಿಗೆಗೆ ರಸೀದಿ ಪುಸ್ತಕ ಇಟ್ಟುಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಹಂತ 10: ಉತ್ತರ ಬಂದ ಮೇಲೆ

ಸದನದಲ್ಲಿ ಉತ್ತರ ಬಂತು, ಪತ್ರಿಕೆಯಲ್ಲಿ ಎರಡು ಸಾಲು ಬಂತು ಅಂತ ಕೆಲಸ ನಿಲ್ಲಿಸಬೇಡಿ. ಉತ್ತರದ ಪ್ರತಿಯನ್ನು ಊರಿಗೆ ತೆಗೆದುಕೊಂಡು ಹೋಗಿ ಗಟ್ಟಿಯಾಗಿ ಓದಿಸಿ. "ಪಾವತಿಯಾಗಿದೆ" ಅಂತ ಬರೆದ ಸಂಖ್ಯೆ ಊರಿನ ಲೆಕ್ಕಕ್ಕೆ ತಾಳೆಯಾಗುತ್ತದಾ ಅಂತ ಅಲ್ಲೇ ಕೂತು ನೋಡಿ. ಆಗದಿದ್ದರೆ ಮುಂದಿನ ಪ್ರಶ್ನೆ ಸಿಕ್ಕಿತು. ಮಂತ್ರಿಗಳು "ಮಾಡುತ್ತೇವೆ" ಅಂತ ಸದನದಲ್ಲಿ ಹೇಳಿದ್ದರೆ ಆ ಮಾತನ್ನು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ದಿನಾಂಕ ಸಮೇತ ಬರೆದು ಶಾಸಕರ ಮೂಲಕ ಸಮಿತಿಗೆ ನೆನಪಿಸಿ.

ಮನವಿಯ ಪ್ರತಿ, ಸ್ವೀಕೃತಿಯ ಮುದ್ರೆ, ಉತ್ತರ, ಠರಾವು ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ. ಆ ಫೈಲು ನಿಮ್ಮ ಬ್ಯಾಗಿನಲ್ಲಿ ಇರಕೂಡದು. ಊರಿನಲ್ಲೇ ಓದು ಬರುವ ಇಬ್ಬರ ಮನೆಯಲ್ಲಿ ಒಂದೊಂದು ಪ್ರತಿ ಇಡಿ. ಮುಂದಿನ ಗ್ರಾಮಸಭೆಗೆ ಆ ಫೈಲನ್ನು ಹಿಡಿದು ಹೋಗುವವರು ಅವರು.